ಜೆ.ಸಿ. ರಸ್ತೆಯ ರಿಮ್ಮಿಗೆ ಬೆಲೆ ಕಟ್ಟುವವರು ಯಾರು?

ಹಳೆಯ ಕಾರುಗಳ ಹುಚ್ಚು ಹತ್ತಿಸಿಕೊಂಡವರಲ್ಲೇ ಒಂದು ಒಳಪಂಗಡವಿದೆ. ಅವರಿಗೆ ಕಾರು ಇಲ್ಲದಿದ್ದರೂ ನಡೆದೀತು, ಚಕ್ರ ಬೇಕು. ಅದೂ ಕಾರಿನ ಕಂಪನಿ ಕೊಟ್ಟ ಚಕ್ರ ಆಗದು. ರೇಸಿಗೆಂದು ಬೇರೆಯವರು ತಯಾರಿಸಿದ, ಕಾರು ಕೊಂಡ ಮೇಲೆ ಮಾಲೀಕ ತನ್ನ ಖರ್ಚಿನಲ್ಲಿ ಹಾಕಿಸಿಕೊಂಡ ಚಕ್ರವೇ ಆಗಬೇಕು. ಇಂಗ್ಲೆಂಡಿನ ಮಿನಿಲೈಟ್, ಅಮೆರಿಕದ ಹ್ಯಾಲಿಬ್ರ್ಯಾಂಡ್ ಮತ್ತು ಟಾರ್ಕ್ ಥ್ರಸ್ಟ್, ಇಟಲಿಯ ಕ್ಯಾಂಪಾನೋಲೋ, ಜರ್ಮನಿಯ ಬಿಬಿಎಸ್, ಜಪಾನಿನ ವಟಾನಬೆ ಮುಂತಾದ ಹೆಸರುಗಳನ್ನು ಅವರು ಸಂಗೀತದ ಘರಾಣೆಗಳ ಹೆಸರು ಹೇಳುವ ಗತ್ತಿನಲ್ಲಿ ಹೇಳುತ್ತಾರೆ. ಬೆಂಗಳೂರಿಗೂ ಈ ರುಚಿ ಬಂದಿದೆ, ಬರಲಿ. ಆದರೆ ಇಲ್ಲಿನ ಸಂಗ್ರಾಹಕರ ಕಣ್ಣು ಪರದೇಶದ ಮುದ್ರೆಯ ಮೇಲೆಯೇ ನೆಟ್ಟಿರುವಾಗ, ಈ ಊರಿನ ಕಾರುಗಳು ರೇಸಿನಲ್ಲಿ, ರ್‍ಯಾಲಿಯಲ್ಲಿ ನಿಜವಾಗಿ ಹಾಕಿಕೊಂಡು ಓಡಿದಂಥ ಚಕ್ರಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಮೊದಲು ಕಾಪಾಡಬೇಕಾದದ್ದು ನಮ್ಮ ವರ್ಕ್‌ಶಾಪುಗಳಲ್ಲಿ ಅಗಲ ಮಾಡಿಸಿದ, ತೂತು ಬದಲಿಸಿದ, ಬೆಸುಗೆ ಹಾಕಿದ ಕಬ್ಬಿಣದ ರಿಮ್ಮನ್ನು. ಹಿನ್ನೆಲೆ ಗೊತ್ತಿಲ್ಲದ ಆಮದು ಮ್ಯಾಗ್ ವೀಲಿನ, ಅಂದರೆ ಹಗುರ ಲೋಹದ ಎರಕದ ಚಕ್ರದ, ಸರದಿ ಆಮೇಲಿನದು. ಎರಡನ್ನೂ ಮತ್ತೆ ರಸ್ತೆಗೆ ಇಳಿಸಬಾರದು ಎಂಬುದೂ ಈ ವಾದದ ಭಾಗವೇ.

ರೇಸ್ ಚಕ್ರ ಎಂಬ ಪ್ರತ್ಯೇಕ ವಸ್ತು ಏಕೆ ಹುಟ್ಟಿತು ಎಂದು ತಿಳಿದರೆ ಈ ಮಾತು ವಿಚಿತ್ರವೆನಿಸದು. ಮೊದಲ ಕಾಲದ ಮೋಟಾರುಗಳಿಗೆ ಜಟಕಾ ಗಾಡಿಯಂತೆ ಮರದ ಚಕ್ರವಿತ್ತು. ಟೈರು ಪಂಕ್ಚರ್ ಆದರೆ ಚಕ್ರ ಬಿಚ್ಚುವ ಹಾಗಿಲ್ಲ, ಟೈರನ್ನೇ ಅಲ್ಲಿಯೇ ಕಿತ್ತು ಹಾಕಬೇಕು. ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಕಂಪನಿ ನಡುವಿನ ಒಂದೇ ನಟ್ಟು ಬಿಚ್ಚಿ ಕಳಚಬಹುದಾದ ತಂತಿ ಸ್ಪೋಕಿನ ಚಕ್ರ ತಂದಾಗ ರೇಸಿನ ಲೆಕ್ಕಾಚಾರವೇ ಬದಲಾಯಿತು. ಮಿಲಾನಿನ ಬೊರಾನಿ ಕಂಪನಿ 1922ರಲ್ಲಿ ಅದೇ ವಿನ್ಯಾಸದ ಪರವಾನಗಿ ಪಡೆದು ಇಟಲಿಯ ಕಾರುಗಳಿಗೆ ಒದಗಿಸತೊಡಗಿತು. ಎರಡು ವರ್ಷದ ಬಳಿಕ, 1924ರಲ್ಲಿ, ಲಿಯಾನ್ ಗ್ರ್ಯಾನ್ ಪ್ರಿಗೆ ಬಂದ ಬುಗಾಟಿ ಟೈಪ್ 35 ಎರಕದ ಅಲ್ಯೂಮಿನಿಯಂ ಚಕ್ರ ತೊಟ್ಟಿತ್ತು. ಎಂಟು ಚಪ್ಪಟೆ ಕಡ್ಡಿಗಳು, ಅದರೊಂದಿಗೇ ಬ್ರೇಕ್ ಡ್ರಮ್ಮು. ಆ ದಿನ ಟೈರುಗಳು ಕೈಕೊಟ್ಟು ಬುಗಾಟಿ ಸೋತಿತು, ಚಕ್ರದ ವಿಚಾರ ಮಾತ್ರ ಉಳಿಯಿತು. ಆ ವಿಚಾರದಲ್ಲಿ ಅಂದಕ್ಕಿಂತ ಮುಖ್ಯವಾದ ಎರಡು ಅಂಶಗಳಿದ್ದವು. ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆಯಾದಷ್ಟೂ ಚಕ್ರ ರಸ್ತೆಯ ಏರುತಗ್ಗಿಗೆ ಬೇಗ ಹೊಂದಿಕೊಂಡು ಟೈರು ನೆಲ ಬಿಡುವುದಿಲ್ಲ. ಜೊತೆಗೆ, ಕಡ್ಡಿಗಳ ನಡುವೆ ಗಾಳಿ ಆಡಿದಷ್ಟೂ ಬ್ರೇಕ್ ಡ್ರಮ್ಮು ತಣ್ಣಗಿರುತ್ತದೆ. ಮುಂದೆ ಬಂದ ಹೆಸರಾಂತ ರೇಸ್ ಚಕ್ರಗಳೆಲ್ಲ ಇವೆರಡನ್ನೇ ತಮ್ಮ ತಮ್ಮ ರೀತಿಯಲ್ಲಿ ಸಾಧಿಸಿದವು. ಅಮೆರಿಕನ್ ರೇಸಿಂಗ್ ಕಂಪನಿಯ ಟಾರ್ಕ್ ಥ್ರಸ್ಟ್ ಚಕ್ರದ ಐದು ಕಡ್ಡಿಗಳು ಒಳಗಡೆಗೆ ಬಾಗಿ ಸಣ್ಣಗಾಗುವುದು ಚೆಲುವಿಗೆ ಎಂದು ನೋಡುವವರು ಭಾವಿಸುತ್ತಾರೆ. ಅದರಿಂದ ಬ್ರೇಕಿಗೆ ಗಾಳಿ ಸಿಗುತ್ತದೆ.

ಹಗುರದ ವಿಷಯ ಬಂದಾಗ ಬೆಂಗಳೂರಿಗೆ ಈ ಕಥೆಯೊಂದಿಗೆ ಬೇರೆಯೇ ನಂಟು ಕಾಣುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ 7.8 ಗ್ರಾಮಿನಷ್ಟು, ಅಲ್ಯೂಮಿನಿಯಂ 2.7, ಮೆಗ್ನೀಷಿಯಂ 1.7. ಅಮೆರಿಕದ ಟೆಡ್ ಹ್ಯಾಲಿಬ್ರ್ಯಾಂಡ್ ಎರಡನೇ ಮಹಾಯುದ್ಧದ ವೇಳೆ ಡಗ್ಲಸ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾತ. ವಿಮಾನದ ಮೆಗ್ನೀಷಿಯಂ ಎರಕದ ವಿದ್ಯೆಯನ್ನು ಯುದ್ಧದ ನಂತರ ಇಂಡಿಯಾನಾಪೊಲಿಸ್ ರೇಸ್ ಕಾರುಗಳ ಚಕ್ರಕ್ಕೆ ಇಳಿಸಿದ. ಅದೇ ಡಗ್ಲಸ್ ಕಂಪನಿಯ ಡಕೋಟಾ ವಿಮಾನಗಳು ಯುದ್ಧದ ದಿನಗಳಲ್ಲಿ ರಿಪೇರಿಗೆ ಬರುತ್ತಿದ್ದದ್ದು ನಮ್ಮ ಎಚ್‌ಎಎಲ್‌ಗೆ. 1940ರಲ್ಲಿ ಶುರುವಾದ ಆ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆ ತನ್ನ ದುರಸ್ತಿ ನೆಲೆಯಾಗಿ ಬಳಸತೊಡಗಿತು. ಮುಂದೆ ಎಚ್‌ಎಎಲ್‌ನ ಫೌಂಡ್ರಿ ವಿಭಾಗ ಇದೇ ಊರಿನಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಎರಕ ಹೊಯ್ಯತೊಡಗಿತು. ಲೋಹ ಎಷ್ಟು ಸಲ ಬಾಗಿದ ಮೇಲೆ ಬಿರುಕು ಬಿಡುತ್ತದೆ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನು ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ವಿಮಾನದಿಂದ ರೇಸಿಗೆ ಹಾಯ್ದ ವಿದ್ಯೆ ಬೆಂಗಳೂರಿನಲ್ಲಿ ವಿಮಾನದಲ್ಲೇ ಉಳಿಯಿತು. ಕೈಚಳಕಕ್ಕೆ ಇಲ್ಲಿ ಬರ ಇರಲಿಲ್ಲ. ಹೋಗಿ ಮಾರಲು ಮಾರುಕಟ್ಟೆ ಇರಲಿಲ್ಲ, ಹಾಕಿಸಿಕೊಳ್ಳಲು ಕಾರುಗಳೂ ಇರಲಿಲ್ಲ.

ಕಾರುಗಳ ಪಟ್ಟಿ ಎಷ್ಟು ಪುಟ್ಟದಾಗಿತ್ತೆಂದರೆ ಒಂದು ಕೈಬೆರಳಲ್ಲೇ ಎಣಿಸಿ ಮುಗಿಸಬಹುದಿತ್ತು. 15 ಇಂಚು ಚಕ್ರದ ಅಂಬಾಸಡರ್, 14 ಇಂಚಿನ ಫಿಯಟ್ (1974ರಿಂದ ಅದೇ ಪದ್ಮಿನಿ), ಮದ್ರಾಸಿನಲ್ಲಿ 1961ರಿಂದ ತಯಾರಾದ 13 ಇಂಚಿನ ಸ್ಟ್ಯಾಂಡರ್ಡ್ ಹೆರಾಲ್ಡ್. 1983ರ ಡಿಸೆಂಬರಿನಲ್ಲಿ 12 ಇಂಚಿನ ಮಾರುತಿ 800 ಬಂತು, ಎರಡು ವರ್ಷದ ನಂತರ ಜಿಪ್ಸಿ. (ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಓಡಾಡಿದ್ದರು. ಅದು ಮೈಸೂರು ಸೀಮೆಯಲ್ಲೇ ಕೈಗೂಡಿದ್ದರೆ ಈ ಲೇಖನದ ಅರ್ಧ ಭಾಗ ಬೇರೆ ಆಗಿರುತ್ತಿತ್ತು.) 1991ರ ಆರ್ಥಿಕ ಸುಧಾರಣೆಗೆ ಮುಂಚೆ ಪರದೇಶದ ಚಕ್ರ ತರಿಸುವುದು ಪರವಾನಗಿ, ಸುಂಕಗಳ ಕೋಟೆ ದಾಟುವ ಕೆಲಸ. ದಾಟಿ ತಂದರೂ ಕೂರಬೇಕಲ್ಲ? 1960ರ ದಶಕದಲ್ಲಿ ಮಿನಿಲೈಟ್ ಹೆಸರು ಮಾಡಿದ್ದು ಮಿನಿ ಕೂಪರ್ ಕಾರಿನ 10 ಇಂಚಿನ ಚಕ್ರದಿಂದ. ಅದರ ನಾಲ್ಕು ಬೋಲ್ಟುಗಳ ವೃತ್ತ, ಮೆಕ್ಯಾನಿಕ್‌ಗಳು ಪಿಸಿಡಿ ಎನ್ನುವುದು, 101.6 ಮಿಲಿಮೀಟರ್. ಮಾರುತಿ 800ರದ್ದು 114.3. ಹೆರಾಲ್ಡ್‌ಗೆ ಹೊಂದುವ ಅಳತೆಯ ಚಕ್ರ ಇಂಗ್ಲೆಂಡಿನಲ್ಲಿ ಸಿಗುತ್ತಿತ್ತು, ನಿಜ. ಆದರೆ ಹೆರಾಲ್ಡ್ ಒಂದರಿಂದ ಮಾರುಕಟ್ಟೆ ಆಗದು.

ರೇಸಿನ ಚಟ ಮಾತ್ರ ಇದಕ್ಕೆಲ್ಲ ಕಾಯಲಿಲ್ಲ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ಯುದ್ಧಕಾಲದ ವಿಮಾನ ಪಟ್ಟಿಯೊಂದರ ಮೇಲೆ ಶೋಲಾವರಂನಲ್ಲಿ ನಡೆಸುತ್ತಿದ್ದ ರೇಸಿಗೆ ಬೆಂಗಳೂರಿನವರೂ ಹೋಗುತ್ತಿದ್ದರು. ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಕಂಪನಿಯ ಹಳೆಯ ಫಾರ್ಮುಲಾ ಒನ್ ಕಾರು ಓಡಿಸಿದ್ದು ಈಗಲೂ ಹಳಬರ ಬಾಯಲ್ಲಿದೆ. ಅಂಥ ಕಾರು ಅಪವಾದ. ಉಳಿದವು ಮನೆಮಂದಿಯ ಫಿಯಟ್ಟು, ಹೆರಾಲ್ಡುಗಳೇ. ಇತ್ತ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸಿಕೊಂಡು ಬಂದ ಕೆ-1000 ರ್‍ಯಾಲಿ ಟ್ರ್ಯಾಕಿನದ್ದಲ್ಲ, ಮಣ್ಣುದಾರಿಯದ್ದು. ಅಲ್ಲಿ ಹಗುರ ಎರಕದ ಚಕ್ರ ವರ ಆಗುವುದಕ್ಕಿಂತ ಶಾಪ ಆಗುವ ಸಂಭವವೇ ಹೆಚ್ಚು. ಕಲ್ಲಿಗೆ ಬಡಿದರೆ ಕಬ್ಬಿಣದ ಡಿಸ್ಕ್ ಬಾಗುತ್ತದೆ, ರಸ್ತೆ ಬದಿಯಲ್ಲೇ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ ಮುಂದಿನ ಹಂತ ಮುಟ್ಟಬಹುದು. ಅದೇ ಏಟಿಗೆ ಎರಕದ ಚಕ್ರ ಸೀಳಿದರೆ ಆಟ ಅಲ್ಲಿಗೆ ಮುಗಿಯಿತು. ಆದ್ದರಿಂದ ಕಬ್ಬಿಣದ ರಿಮ್ಮನ್ನು ಬರೀ ಬಡತನದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಬಡತನ ಇತ್ತು, ಜೊತೆಗೆ ದಾರಿ ನೋಡಿ ಮಾಡಿದ ಆಯ್ಕೆಯೂ ಇತ್ತು.

ಆ ರಿಮ್ಮನ್ನು ಕೈಗೆತ್ತಿಕೊಂಡು ನೋಡೋಣ. ಹೊರಗಿನಿಂದ ಅದು ಯಾವುದೇ ಫಿಯಟ್ಟಿನ ಡಿಸ್ಕಿನಂತೆ ಕಾಣುತ್ತದೆ, ಕೊಂಚ ದಪ್ಪ ಅನ್ನಿಸಬಹುದು. ತಿರುಗಿಸಿ ಒಳಮೈ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಟೈರು ಕೂರುವ ಉರುಳೆಯ ಸುತ್ತ ಒಂದು ಬೆಸುಗೆಯ ಗೆರೆ, ಅದರಿಂದ ಒಂದೆರಡು ಇಂಚಿನಾಚೆ ಇನ್ನೊಂದು. ನಡುವೆ ಇರುವುದು ಬೇರೆ ಕಬ್ಬಿಣದ ಪಟ್ಟಿ: ಬಳೆಯಾಗಿ ಬಗ್ಗಿಸಿ, ಕತ್ತರಿಸಿದ ರಿಮ್ಮಿನ ಎರಡು ಹೋಳುಗಳ ಮಧ್ಯೆ ಸೇರಿಸಿದ್ದು. ಬೆಸೆದ ಮೇಲೆ ಲೇತಿಗೆ ಹಾಕಿ ತಿರುಗಿಸಿ ಓಲಾಟ ತೆಗೆಯಬೇಕು. ಒಂದೆರಡು ಮಿಲಿಮೀಟರ್ ಓಲಾಡಿದರೂ ವೇಗದಲ್ಲಿ ಸ್ಟಿಯರಿಂಗು ನಡುಗುತ್ತದೆ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಗಾಳಿ ಸೋರುತ್ತದೆ, ಹಾಗಾಗಿ ಒಳಗೆ ಟ್ಯೂಬು ಇರಲೇಬೇಕು. ಅಗಲವಾದ ರಿಮ್ಮು ಹೊರಕ್ಕೆ ಚಾಚಿದಷ್ಟೂ ಹಬ್ಬಿನ ಬೇರಿಂಗಿನ ಮೇಲೆ ಎಳೆತ ಹೆಚ್ಚು ಎಂಬುದೂ ಮಾಡುವವನಿಗೆ ಗೊತ್ತಿರಬೇಕು. ಇದು ಅಡ್ಡಾದಿಡ್ಡಿ ಕೆಲಸವೆಂದು ಮೂಗು ಮುರಿಯುವವರು ಜರ್ಮನಿಯ ಕಡೆ ನೋಡಲಿ. 1970ರಲ್ಲಿ ಶಿಲ್ಟಾಖ್ ಎಂಬ ಊರಿನಲ್ಲಿ ಬೌಮ್‌ಗಾರ್ಟ್ನರ್, ಬ್ರಾಂಡ್ ಎಂಬಿಬ್ಬರು ಶುರುಮಾಡಿದ ಬಿಬಿಎಸ್ ಪ್ರಸಿದ್ಧವಾದದ್ದು ಮೂರು ತುಂಡಿನ ಚಕ್ರದಿಂದ. ನಡುಭಾಗ ಒಂದೇ, ಬೋಲ್ಟು ಬಿಚ್ಚಿ ಉರುಳೆ ಬದಲಿಸಿದರೆ ಬೇಕಾದ ಅಗಲ. ಅವರು ಬೋಲ್ಟಿನಿಂದ ಬಿಡಿಸಿದ ಲೆಕ್ಕವನ್ನು ಇಲ್ಲಿನವರು ಬೆಸುಗೆಯಿಂದ ಬಿಡಿಸಿದರು. ಮುಗಿಸಿದ ಕೆಲಸದ ನಯದಲ್ಲಿ ಹೋಲಿಕೆಯೇ ಇಲ್ಲ, ಒಪ್ಪಬೇಕು. ಪ್ರಶ್ನೆ ಮಾತ್ರ ಒಂದೇ ಆಗಿತ್ತು.

ಹಾಗಿದ್ದರೆ ಬಿಬಿಎಸ್ ಚಕ್ರಕ್ಕೆ ಗಾಜಿನ ಕಪಾಟು, ಬೆಸೆದ ರಿಮ್ಮಿಗೆ ಗುಜರಿ ಏಕೆ? ಮೊದಲ ಆಕ್ಷೇಪ ಇಲ್ಲಿಯೇ ಬರುತ್ತದೆ: ಮುದ್ರೆ ಇರುವ ವಸ್ತುವನ್ನು ಗುರುತಿಸಬಹುದು, ಯಾರೋ ಹೆಸರಿಲ್ಲದವರು ಬೆಸೆದದ್ದು ರ್‍ಯಾಲಿಗೆ ಹೋಗಿತ್ತೋ ಮರಳು ಹೊತ್ತಿತ್ತೋ ಯಾರಿಗೆ ಗೊತ್ತು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ತಕ್ಕಡಿಯಲ್ಲಿ ಮುದ್ರೆಯ ಚಕ್ರವನ್ನೂ ಇಟ್ಟು ತೂಗಬೇಕು. ಎಂಟು ಕಡ್ಡಿಯ ವಿನ್ಯಾಸವನ್ನು ಮಿನಿಲೈಟ್ ಮಾಡಿತು, 1968ರಲ್ಲಿ ಆರಂಭವಾದ ವಟಾನಬೆಯೂ ಮಾಡಿತು, ಆಮೇಲೆ ಜಗತ್ತಿನ ಹತ್ತಾರು ಫೌಂಡ್ರಿಗಳು ಮಾಡಿದವು, ಇಂದಿಗೂ ಮಾಡುತ್ತಿವೆ. ಹಳೆಯ ಮಿನಿಲೈಟ್ ಮೆಗ್ನೀಷಿಯಂನದ್ದು, ಈಚಿನ ಬಹುತೇಕ ನಕಲು ಅಲ್ಯೂಮಿನಿಯಂನದ್ದು. ಎತ್ತಿ ನೋಡಿದರೆ ಕೈಗೇ ವ್ಯತ್ಯಾಸ ತಿಳಿದೀತು. ಬೆನ್ನಿನ ಎರಕದ ಅಕ್ಷರ, ಅಳತೆಯ ಸಂಖ್ಯೆ, ಜಪಾನಿನ ಚಕ್ರವಾದರೆ ಪರೀಕ್ಷೆಯ ಜೆಡಬ್ಲ್ಯುಎಲ್ ಗುರುತು, ಇವೆಲ್ಲ ಚಕ್ರ ಎಲ್ಲಿ ಹುಟ್ಟಿತೆಂದು ಹೇಳುತ್ತವೆ. ಎಲ್ಲಿ ಬದುಕಿತು ಎಂದು ಹೇಳುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಯಾವುದೋ ಶೆಡ್ಡಿನಲ್ಲಿ ಮೂವತ್ತು ವರ್ಷ ಮಲಗಿದ್ದು ಕಳೆದ ವರ್ಷ ಕೊರಿಯರ್‌ನಲ್ಲಿ ಮಲ್ಲೇಶ್ವರಕ್ಕೆ ಬಂದ ಚಕ್ರ ಇಂಗ್ಲೆಂಡಿನ ಚರಿತ್ರೆಯ ತುಣುಕು. ಅದನ್ನು ಇಷ್ಟಪಟ್ಟು ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಬೆಂಗಳೂರಿನ ರೇಸಿನ ಕುರುಹು ಎಂದು ತೋರಿಸುವಂತಿಲ್ಲ, ಅಷ್ಟೇ.

ಎರಡರ ನಡುವಿನ ಒಂದು ಜಾತಿ ನನಗೆ ಎಲ್ಲಕ್ಕಿಂತ ಅಮೂಲ್ಯ ಅನ್ನಿಸುತ್ತದೆ. ಹೇಗೋ ಅಂದೇ ಇಲ್ಲಿಗೆ ಬಂದ ಪರದೇಶದ ಚಕ್ರ, ಇಲ್ಲಿನ ಕಾರಿಗೆ ಕೂರಲೆಂದು ಬೋಲ್ಟಿನ ತೂತುಗಳನ್ನು ಉದ್ದುದ್ದ ಅರೆಸಿಕೊಂಡದ್ದು, ಇಲ್ಲವೇ ಹಳೆಯ ನಾಲ್ಕು ತೂತಿನ ಪಕ್ಕ ಹೊಸ ನಾಲ್ಕು ಕೊರೆಸಿಕೊಂಡದ್ದು. ಮಾರುಕಟ್ಟೆಯಲ್ಲಿ ಇದು ಕೆಟ್ಟುಹೋದ ಮಾಲು, ಬೆಲೆ ಪಾತಾಳಕ್ಕೆ. ಸಾಕ್ಷ್ಯದ ದೃಷ್ಟಿಯಿಂದ ಅದಕ್ಕಿಂತ ಗಟ್ಟಿ ದಾಖಲೆ ಬೇರಿಲ್ಲ. ಎರಡನೇ ಸಾಲಿನ ತೂತುಗಳ ಎದುರುಬದುರು ನಡುವಿನ ಅಂತರ ಅಳೆದರೆ ಯಾವ ಕಾರಿಗೆ ಹಾಕಲು ಹೊರಟಿದ್ದರೆಂದು ತಿಳಿಯುತ್ತದೆ. ತೂತಿನಂಚಿನ ಸವೆತದಿಂದ ಬರೀ ಹೊರಟಿದ್ದರೋ ನಿಜಕ್ಕೂ ಓಡಿಸಿದ್ದರೋ ಗೊತ್ತಾಗುತ್ತದೆ. ಇಂಥದ್ದನ್ನು ಕೊಂಡವರು ಮೊದಲು ಮಾಡುವ ಕೆಲಸ ತೂತು ಮುಚ್ಚಿಸಿ, ಮರಳು ಹಾಯಿಸಿ, ಹೊಸ ಬಣ್ಣ ಹೊಡೆಸುವುದು. ಆ ಮೂರು ಕೆಲಸಗಳಲ್ಲಿ ಚಕ್ರ ತನ್ನ ಬಗ್ಗೆ ಹೇಳಬಹುದಾಗಿದ್ದ ಎಲ್ಲವೂ ಹೋಗುತ್ತದೆ. ತುಕ್ಕು ಹರಡದಂತೆ ಎಣ್ಣೆ ಸವರಿ ಒಣ ಜಾಗದಲ್ಲಿಡುವುದು ಬೇಕು. ಹೊಸದರಂತೆ ಮಾಡುವುದು ಬೇಡ. ಕಳೆದ ಯಾವುದೋ ಆಯುಧಪೂಜೆಯ ಕುಂಕುಮದ ಕಲೆ ಹಬ್ಬಿನ ಸಂದಿಯಲ್ಲಿದ್ದರೆ ಅದೂ ಇರಲಿ.

ರಸ್ತೆಗೆ ಇಳಿಸಬಾರದು ಎಂದದ್ದಕ್ಕೆ ಸಂಗ್ರಾಹಕರಿಂದ ಜೋರಾದ ಪ್ರತಿಭಟನೆ ಬರುತ್ತದೆ. ಉರುಳದ ಚಕ್ರ ಎಂಥ ಚಕ್ರ, ಗೋಡೆಗೆ ತೂಗುಹಾಕಲು ರೇಸಿನ ಚಕ್ರವೇ ಬೇಕೆ, ವಿಂಟೇಜ್ ಕಾರುಗಳ ಮೆರವಣಿಗೆಯಲ್ಲಿ ಅದೇ ಚಕ್ರ ತಿರುಗಿದರೆ ತಾನೇ ಜನಕ್ಕೆ ಅರ್ಥವಾಗುವುದು ಎಂಬ ವಾದ. ಭಾವನೆ ಅರ್ಥವಾಗುತ್ತದೆ, ಲೋಹಕ್ಕೆ ಅರ್ಥವಾಗುವುದಿಲ್ಲ. ಉಕ್ಕಿಗೆ ಒಂದು ಮಿತಿಯಿದೆ: ಅದರ ಕೆಳಗಿನ ಹೊರೆಯನ್ನು ಅದು ಬಹುಕಾಲ ಸಹಿಸಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಪ್ರತಿ ಸುತ್ತೂ, ಪ್ರತಿ ಗುಂಡಿಯೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ, ಒಂದು ದಿನ ಲೆಕ್ಕ ಚುಕ್ತಾ ಆಗುತ್ತದೆ. ಮೆಗ್ನೀಷಿಯಂ ಇನ್ನೂ ನಾಜೂಕು. ಅದಕ್ಕೆ ತೇವ ಆಗದು, ಉಕ್ಕಿನ ಬೋಲ್ಟು ತಾಗಿದಲ್ಲಿ ತೇವ ಸೇರಿದರೆ ಒಳಗಿಂದಲೇ ಕೊರೆದು ಹಿಟ್ಟಾಗುತ್ತದೆ, ಮೇಲೆ ಬಣ್ಣ ಫಳಫಳ ಹೊಳೆಯುತ್ತಿರಬಹುದು. ರೇಸಿನವರಿಗೆ ಇದು ಅಂದೂ ಗೊತ್ತಿತ್ತು. ಅವರ ಪಾಲಿಗೆ ಚಕ್ರ ಬ್ರೇಕ್ ಶೂ ಇದ್ದಂತೆ, ಸವೆದರೆ ಬದಲಿಸುವ ವಸ್ತು. ಬಿರುಕು ಶುರುವಾಗುವುದು ಸಾಮಾನ್ಯವಾಗಿ ಬೋಲ್ಟಿನ ತೂತಿನ ಸುತ್ತ, ಇಲ್ಲವೇ ಕಡ್ಡಿಯ ಬುಡದಲ್ಲಿ. ಕೆಂಪು ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವ ಒಂದು ಅಗ್ಗದ ಪರೀಕ್ಷೆಯಿದೆ. ಬಿರುಕಿದ್ದಲ್ಲಿ ಬಿಳಿಯ ಮೇಲೆ ಕೆಂಪು ಗೆರೆ ಒಸರುತ್ತದೆ. ಅದು ಮೇಲ್ಮೈಯ ಬಿರುಕನ್ನು ತೋರಿಸೀತು, ಒಳಗಿನದನ್ನು ತೋರಿಸದು. ಕಾರು ಉರುಳಲೇಬೇಕೆಂದರೆ ಅದಕ್ಕೆ ಹೊಸದಾಗಿ ಮಾಡಿದ ಪ್ರತಿ ಹಾಕಿ. ಪ್ರತಿ ಎಂದರೆ ಮೋಸ ಎಂದುಕೊಳ್ಳಬೇಕಿಲ್ಲ: ಚೆನ್ನೈಯಲ್ಲಿ 1960ರಲ್ಲಿ ಶುರುವಾದ ವೀಲ್ಸ್ ಇಂಡಿಯಾ ಕಂಪನಿ ಹಳೆಯ ಕಾರುಗಳಿಗೆ ತಂತಿ ಸ್ಪೋಕಿನ ಚಕ್ರ ಇಂದಿಗೂ ತಯಾರಿಸುತ್ತದೆ, ಅವು ಹೊರದೇಶಕ್ಕೂ ಹೋಗುತ್ತವೆ. ಪ್ರತಿಯನ್ನು ಪ್ರತಿಯೆಂದು ಹೇಳಿ ಮಾರುವವನಿಂದ ಈ ಹವ್ಯಾಸಕ್ಕೆ ತೊಂದರೆ ಇಲ್ಲ. ಹೊಸದಕ್ಕೆ ಕೃತಕ ತುಕ್ಕು ಹತ್ತಿಸಿ ಹಳತೆಂದು ಮಾರುವವನಿಂದ ಇದೆ.

ಕಾನೂನೂ ಇದೇ ಕಡೆ ನಿಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲತಃ ನೀಡಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಹಳೆಯ ರೇಸ್ ಸಾಮಾನಿಗೆ ಬೆಲೆ ಕೊಟ್ಟರೆ ಹುಡುಗರು ರಾತ್ರಿ ರಸ್ತೆಯಲ್ಲಿ ರೇಸಿಗಿಳಿಯಲು ಕುಮ್ಮಕ್ಕು ಕೊಟ್ಟಂತೆ ಎನ್ನುವ ಗೊಣಗಾಟಕ್ಕೂ ಉತ್ತರ ಇಲ್ಲೇ ಇದೆ. ಸಂಗ್ರಹಿಸುವುದೆಂದರೆ ಚಕ್ರವನ್ನು ರಸ್ತೆಯಿಂದ ತೆಗೆದಿಡುವುದು.

ಇನ್ನೊಂದು ಆಕ್ಷೇಪ ಸದ್ದಿಲ್ಲದ್ದು, ಆದರೆ ಹೆಚ್ಚು ಗಂಭೀರವಾದದ್ದು. ರೇಸು ಉಳ್ಳವರ ಆಟ, ಅವರ ಹಳೆಯ ಸಾಮಾನಿಗೆ ಊರಿನ ಚರಿತ್ರೆ ಎಂಬ ಪಟ್ಟ ಏಕೆ? ಕಾರಿನಲ್ಲಿ ಕೂತವರ ಮಟ್ಟಿಗೆ ಇದು ನಿಜ. ಬೆಸೆದ ರಿಮ್ಮಿನಲ್ಲಿ ಕೂತವನಿಗಿಂತ ಬೆಸೆದವನ ಗುರುತೇ ಹೆಚ್ಚು. ಟೌನ್‌ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ, ಅದಕ್ಕೆ ಅಂಟಿಕೊಂಡ ಕಲಾಸಿಪಾಳ್ಯ, ಬಿಡಿಭಾಗ ಕಳಚಿ ಮಾರುವ ಶಿವಾಜಿನಗರದ ಗುಜರಿ, ಇವು ಈ ಊರಿನ ಕುಶಲ ಕೈಗಳ ಮೊಹಲ್ಲಾಗಳು. ಎಚ್‌ಎಂಟಿ, ಎಚ್‌ಎಎಲ್ ಕಾರ್ಖಾನೆಗಳ ಕಥೆ ಪುಸ್ತಕಗಳಲ್ಲಿದೆ, ವಾರ್ಷಿಕ ವರದಿಗಳಲ್ಲಿದೆ. ಲೇತು, ಬೆಸುಗೆಯ ಗನ್ನು, ಒಂದು ಮಾಪಕ ಇಟ್ಟುಕೊಂಡು ರೇಸ್ ಕಾರಿಗೆ ಚಕ್ರ ಮಾಡಿಕೊಟ್ಟವನಿಗೆ ಬಿಲ್ಲು ಪುಸ್ತಕವೂ ಇದ್ದಿರಲಾರದು. ಅವನ ಕೆಲಸದ ದಾಖಲೆ ಎಂದರೆ ಆ ಕೆಲಸವೇ. ಹೊರದೇಶದ ಚಕ್ರ ತಯಾರಕರ ಕ್ಯಾಟಲಾಗುಗಳು ಉಳಿದಿವೆ, ಅವರ ಚಕ್ರವೊಂದು ಕರಗಿದರೂ ಚರಿತ್ರೆ ಅಳಿಯದು. ಇಲ್ಲಿನದು ಹಾಗಲ್ಲ.

ಕರಗುವ ಹೊತ್ತು ಈಗಲೇ ಬಂದಿದೆ. 1892ರ ಚಾಮರಾಜಪೇಟೆ, ಪ್ಲೇಗಿನ ಬಳಿಕದ ಬಸವನಗುಡಿ ಮತ್ತು ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಹಿತ್ತಲ ಬದಿಗೆ ಒಂದು ಮೋಟಾರು ಶೆಡ್ಡು ಇರುತ್ತಿತ್ತು. ಕಾರು ಎಂದೋ ಮಾರಿಹೋದರೂ ಸ್ಟೆಪ್ನಿ, ಜಾಕು, ಹಳೆಯ ರಿಮ್ಮುಗಳು ಅಟ್ಟದ ಮೇಲೆ, ಮೂಲೆಯಲ್ಲಿ ಉಳಿದಿರುತ್ತವೆ. ಮನೆ ಬೀಳಿಸಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಶೆಡ್ಡು ಖಾಲಿ ಮಾಡಲು ಒಂದು ಟೆಂಪೋ ಸಾಕು, ಅರ್ಧ ದಿನ ಸಾಕು. ಧರ್ಮಸ್ಥಳದ ಸಂಗ್ರಹದ ಕಾರುಗಳನ್ನು ತೋರಿಸಲೆಂದು ಶ್ರೀರಂಗಪಟ್ಟಣದ ಬಳಿ ಕಟ್ಟಿರುವ ‘ಪಯಣ’ ಸಂಗ್ರಹಾಲಯ ನೋಡಿದರೆ ಈ ರಾಜ್ಯದಲ್ಲಿ ಹಳೆಯ ಮೋಟಾರಿಗೆ ಗೌರವ ಇದೆಯೆಂದು ತಿಳಿಯುತ್ತದೆ. ಅಲ್ಲಾಗಲಿ, ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ತಂತ್ರಜ್ಞಾನ ಸಂಗ್ರಹಾಲಯದಲ್ಲಾಗಲಿ, ಊರಿನ ವರ್ಕ್‌ಶಾಪಿನಲ್ಲಿ ಅಗಲ ಮಾಡಿದ ಒಂದು ರಿಮ್ಮು, ಅಡ್ಡಕ್ಕೆ ಸೀಳಿ ಬೆಸುಗೆ ಕಾಣುವಂತೆ ಇಟ್ಟರೆ ಅದಕ್ಕೆ ತಗಲುವ ಜಾಗ ಒಂದು ಮೇಜಿನಷ್ಟು.

ಅಷ್ಟರವರೆಗೆ ಕೆಲಸ ಮನೆಯವರದ್ದು. ಶೆಡ್ಡು ಖಾಲಿ ಮಾಡುವ ಮುಂಚೆ ಅಲ್ಲಿರುವ ಚಕ್ರಗಳನ್ನು ಒಮ್ಮೆ ಮಗುಚಿ ನೋಡಿ. ಒಳಮೈಯಲ್ಲಿ ಎರಡು ಬೆಸುಗೆಯ ಗೆರೆಗಳೋ, ಎಂಟು ತೂತುಗಳೋ ಕಂಡರೆ ಎರಡೂ ಬದಿಯ ಫೋಟೊ ತೆಗೆದು, ಯಾವ ಕಾರಿನದ್ದು, ಅದರ ನಂಬರ್ ಏನು, ಯಾರು ಓಡಿಸುತ್ತಿದ್ದರು, ಎಲ್ಲಿ ಮಾಡಿಸಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಆ ಚಕ್ರಕ್ಕೇ ಕಟ್ಟಿಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಊರಿನ ಹಳೆ ಕಾರುಗಳ ಕ್ಲಬ್ಬಿಗೆ ತಿಳಿಸಿ. ಗುಜರಿಯವನು ನಾಳೆಯೂ ಬರುತ್ತಾನೆ.